ಮೂರು ಬೆರಳಿನ ಅಳತೆ

ಕಳೆದ ವಾರ ನೀವಿಬ್ಬರೂ ಭಟ್ಕಳದ ಅಜ್ಜಿಯ ಮನೆಯಿಂದ ಬರುವಾಗ ಬಸ್ಸಿನಲ್ಲಿ ತಮ್ಮನಿಗೆ ಹೊಟ್ಟೆ ತೊಳಸಿತಂತೆ. ನಿಮ್ಮ ಅಮ್ಮ ಅವನ ಕೈ ಹಿಡಿದು, ಮಣಿಕಟ್ಟಿನ ಹತ್ತಿರ ಏನೋ ಅಳತೆ ನೋಡಿ, ಹೆಬ್ಬೆರಳಿನಿಂದ ಒತ್ತಿದಳಂತೆ. ಅದೆಂತ ಎಂದು ನೀನು ಕೇಳಿದ್ದಕ್ಕೆ, "ಮನೆಗೆ ಹೋಗಿ ಅಜ್ಜಿ ಹತ್ರ ಕೇಳು" ಅಂದಳಂತೆ. ನೀನು ಚಪ್ಪಲಿ ಬಿಡುವ ಮೊದಲೇ ನನ್ನ ಹತ್ತಿರ ಬಂದು ಕೇಳಿದೆ. ನಾನು ನಕ್ಕು, ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಹೇಳಿ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಎದುರಿಗೆ ಕೂತು ಇಂಥ ಮಾತು ಹೇಳುವುದು ನನಗೆ ಬರುವುದಿಲ್ಲ, ಮಗಳೆ. ಶಾಲೆಯಲ್ಲೂ ಹಾಗೇ ಇದ್ದೆ. ಏಳನೇ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈಗ ಮಾಡುತ್ತಿರುವುದೂ ಅದನ್ನೇ. ನೀವು ಶಾಲೆಗೆ ಹೋದ ಮೇಲೆ ನಿನ್ನ ಹಳೆಯ ಗಣಿತದ ಪಟ್ಟಿಯಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಓದಿ ಆದ ಮೇಲೆ ನನ್ನನ್ನು ಮತ್ತೆ ಏನೂ ಕೇಳಬೇಡಿ.

ಇದು ಶುರುವಾದಾಗ ನೀನು ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಎರಡು ತಿಂಗಳಿನವಳು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪ ಹೊನ್ನಾವರ ಬಂದರಿನ ಬೋಟಿಗೆ ಹೋಗುತ್ತಿದ್ದ. ಒಮ್ಮೆ ಹೋದರೆ ಎಂಟು ಹತ್ತು ದಿನ ಕಡಲಿನಲ್ಲೇ. ಬಂದರೆ ಒಂದೆರಡು ದಿನ ಮಲಗಿ ಎದ್ದು ಮತ್ತೆ ಹೋಗುವುದು. ಹಾಗಾಗಿ ಅಘನಾಶಿನಿಯ ಈ ಮನೆಯಲ್ಲಿ ನಾನು ಮತ್ತು ಮದುವೆಯಾಗಿ ಬಂದು ಎಂಟು ತಿಂಗಳಾಗಿದ್ದ ನಿಮ್ಮ ಅಮ್ಮ, ಇಬ್ಬರೇ. ಅವಳದ್ದೂ ಮಾತು ಕಡಿಮೆ. ಬೆಳಿಗ್ಗೆ "ಚಾ ಆತು ಅತ್ತೆ" ಅಂತ ಅವಳು, "ಹೊಳೆಗೆ ಹೊರಟೆ" ಅಂತ ನಾನು. ಕೆಲವು ದಿನ ಮಧ್ಯಾಹ್ನದವರೆಗೆ ಅಷ್ಟೇ.

ನನ್ನ ಕೆಲಸ ಆಗಲೂ ಇದೇ. ಹೊಳೆಯ ನೀರು ಇಳಿತವಾದಾಗ ಸೊಂಟದವರೆಗೆ ಇಳಿದು, ಕಾಲಿನಿಂದ ಕೆಸರು ತಡವಿ ಬಳಚು ಆರಿಸುವುದು, ತಂದು ಬೇಯಿಸುವುದು, ಚಿಪ್ಪು ಬಿಡಿಸಿ ಒಳಗಿನದನ್ನು ಕುಮಟೆಯ ಮೀನುಪೇಟೆಗೆ ಒಯ್ಯುವುದು. ಸಂಜೆ ನಾನು ಚಿಪ್ಪು ಬಿಡಿಸಲು ಕೂತರೆ ನಿಮ್ಮ ಅಮ್ಮ ಕರೆಯದೆಯೇ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಬುಟ್ಟಿಯ ಆ ಬದಿಯಿಂದ ಅವಳು, ಈ ಬದಿಯಿಂದ ನಾನು. ಮೊಣಕೈಗೆ ಮೊಣಕೈ ತಾಗುತ್ತಿತ್ತು. ಅಜ್ಜ ಹೋದ ಮೇಲೆ ನನ್ನ ಮೈಗೆ ಇನ್ನೊಬ್ಬರ ಮೈ ತಾಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಇದನ್ನು ಯಾಕೆ ಬರೆಯುತ್ತೇನೆ ಅಂದರೆ, ಮೊದಲು ಹೋದದ್ದು ಅದೇ.

ಶುರುವಿನಲ್ಲಿ ಅನ್ನ ಬೇಯುವ ವಾಸನೆ ಆಗಲಿಲ್ಲ ಅವಳಿಗೆ. ಆಮೇಲೆ ತೆಂಗಿನೆಣ್ಣೆ. ಆಮೇಲೆ ಮೀನು. ಬಸುರಿಗೆ ವಾಂತಿ ಬರುವುದು ಹೊಸತಲ್ಲ, ಆದರೆ ಇವಳದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ. ಹಿತ್ತಲಿನ ಕಲ್ಲಿನ ಹತ್ತಿರ ಕೂತುಬಿಡುತ್ತಿದ್ದಳು. ಕೊನೆಗೆ ಹಳದಿ ನೀರು ಮಾತ್ರ ಬರುತ್ತಿತ್ತು. ಒಂದು ದಿನ ನಾನು ಬಳಚಿನ ಪಾತ್ರೆ ಕೆಳಗಿಟ್ಟು ಓಡಿಹೋಗಿ ಅವಳ ಹಣೆ ಹಿಡಿದೆ. ಅವಳು ನನ್ನ ಕೈಯನ್ನು ತಳ್ಳಿ ಎದ್ದು ಬಾವಿಕಟ್ಟೆಯ ಆಚೆಗೆ ಹೋಗಿ ಅಲ್ಲಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು ಮುಖ ಕೆಳಗೆ ಹಾಕಿ ನಿಂತಳು.

"ನೀವಲ್ಲ ಅತ್ತೆ" ಅಂದಳು.

ನಾನು ಏನೂ ಕೇಳಿರಲಿಲ್ಲ. ಕೇಳದಿದ್ದರೂ ಹೇಳಿದಳಲ್ಲ, ಆಗ ಗೊತ್ತಾಯಿತು, ನಾನೇ ಎಂದು.

ನಲವತ್ತು ವರ್ಷ ಬಳಚು ಆರಿಸಿದ ಕೈ. ಉಗುರಿನ ಸಂದಿಯಲ್ಲಿ, ಕೂದಲಿನ ಬುಡದಲ್ಲಿ, ಸೀರೆಯ ಗಂಟಿನಲ್ಲಿ ಹೊಳೆಯ ವಾಸನೆ ಇರುತ್ತದೆ. ನನಗೆ ಅದು ತಿಳಿಯುವುದೂ ಇಲ್ಲ. ಲಿಂಬೆ ಸಿಪ್ಪೆ ತಿಕ್ಕಿದೆ, ಹುಣಸೆ ಹಣ್ಣು ತಿಕ್ಕಿದೆ. ಚಿಪ್ಪು ತಾಗಿ ಸೀಳಿದ ಬೆರಳುಗಳು ಉರಿದವು. ಸೀಗೆಪುಡಿ ಹಚ್ಚಿ ಎರಡೆರಡು ಸಲ ಮಿಂದೆ. ಊಟದ ತಟ್ಟೆ ಹಿಡಿದು ಹೊರಜಗಲಿಗೆ ಹೋಗಿ ಕೂತೆ. ಚಾಪೆಯನ್ನೂ ಅಲ್ಲಿಗೇ ತಂದೆ. ಕೊನೆಗೆ ಹೊಳೆಗೆ ಹೋಗುವುದನ್ನೂ ಬಿಟ್ಟೆ.

ಹೊಳೆಯಲ್ಲಿ ನಾವು ಏಳೆಂಟು ಹೆಂಗಸರು. ನಾನು ಅವರ ಜೊತೆಯೂ ಮಾತನಾಡುವವಳಲ್ಲ, ಆದರೆ ಅವರ ಮಾತು ಕೇಳುತ್ತಾ ನೀರಿನಲ್ಲಿ ನಿಲ್ಲುವುದು ನನಗೆ ಇಷ್ಟ. ನಾಲ್ಕು ದಿನ ಕಾಣದಿದ್ದಾಗ ಇಬ್ಬರು ಮನೆಯ ಬೇಲಿಯ ಹತ್ತಿರ ಬಂದು ನಿಂತರು.

"ಹೋಯ್, ಮೀನುಗಾರರ ಮಗಳಿಗೆ ಮೀನಿನ ವಾಸ್ನೆ ಆಗೂದಿಲ್ವಂತೆ! ನಾಳೆ ನೀರಿನ ವಾಸ್ನೆ ಆಗೂದಿಲ್ಲ ಅಂದ್ರೆ ಹೊಳೆನೇ ಎತ್ತಿ ಆಚೆ ಇಡ್ತ್ಯಾ?" ಅಂತ ಒಬ್ಬಳು.

"ಸೊಸೆ ಬಸುರಿ, ಬಯಕೆ ಅತ್ತೆಗೆ ಅಂತ ಕಾಣ್ತದೆ. ನೋಡೆ ಮುಖ, ಹೆಂಗೆ ಬಿಳ್ಚಿಕೊಂಡದೆ" ಅಂತ ಇನ್ನೊಬ್ಬಳು.

ಅವರು ನಕ್ಕರು, ನಾನೂ ನಕ್ಕೆ. ಬುಟ್ಟಿ ಸೊಂಟಕ್ಕೇರಿಸಿಕೊಂಡು ಅವರು ಹೊಳೆಗೆ ಇಳಿದುಹೋಗುವುದನ್ನು ಬೇಲಿ ಹಿಡಿದು ನೋಡುತ್ತಾ ನಿಂತೆ. ಒಳಗೆ ಬಂದರೆ ನಿಮ್ಮ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬಾಗಿಲಿನಲ್ಲೇ ನಿಂತು, "ಮುರುಗಲು ನೀರು ಮಾಡ್ಲಾ?" ಅಂದೆ. "ಬ್ಯಾಡ ಅತ್ತೆ" ಅಂದಳು.

ಕುಮಟೆಯ ಹೆರಿಗೆ ಡಾಕ್ಟರಮ್ಮ ಎರಡು ಸಲ ಸಲೈನ್ ಹಾಕಿ ಕಳುಹಿಸಿದರು. ಮಾತ್ರೆ ಕೊಟ್ಟರು. ಮೂರನೆಯ ಸಲ ತೂಕ ನೋಡಿ, "ಹೀಗೇ ಇಳಿದರೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕಾಗ್ತದೆ" ಅಂದರು. ಅದೇ ಸಂಜೆ ಭಟ್ಕಳದ ಹತ್ತಿರದ ತೆಂಗಿನಗುಂಡಿಯಿಂದ, ಅವಳ ತವರಿನಿಂದ, ಭಟ್ಕಳದ ಅಜ್ಜಿಯ ಫೋನು. ನಿಮಗೆ ಅವರ ಗಂಟಲು ಗೊತ್ತಲ್ಲ, ಫೋನಿಲ್ಲದೆಯೂ ಇಲ್ಲಿಗೆ ಕೇಳುತ್ತದೆ.

"ಬೀಗ್ತೀ, ಮಗಳನ್ನ ಕಳ್ಸಿಕೊಡಿ. ಅಲ್ಲಿ ಅವಳನ್ನ ನೋಡೂಕೆ ಯಾರದಾರೆ?"

ನಾನಿದ್ದೇನೆ ಎಂದು ಹೇಳಬೇಕಿತ್ತು. "ಮಗ ಬೋಟಿಂದ ಬರ್ಲಿ" ಅಂದೆ.

ಅವಳು ಹೋದರೆ ಹೆರಿಗೆ ಮುಗಿಸಿ, ಬಾಣಂತನ ಮುಗಿಸಿಯೇ ಬರುವುದು. ಅಲ್ಲಿಯವರೆಗೆ ಹತ್ತಿರ ಹತ್ತಿರ ಒಂದು ವರ್ಷ. ಅಷ್ಟೇ ಆದರೆ ಸಹಿಸಬಹುದಿತ್ತು. ನನ್ನ ವಾಸನೆಗೆ ಹೋದವಳು ತಿರುಗಿ ಬಂದಾಗಲೂ ನನ್ನನ್ನು ದೂರವೇ ಇಟ್ಟಾಳು, ಮಗುವನ್ನೂ ನನ್ನ ಕೈಗೆ ಕೊಡಲು ಹಿಂದೆಮುಂದೆ ನೋಡಿಯಾಳು ಅನ್ನುವುದು ನನ್ನ ಹೆದರಿಕೆ. ಅವಳು ಅಂಥವಳಲ್ಲ. ಆದರೆ ಹೊರಜಗಲಿಯಲ್ಲಿ ಒಬ್ಬಳೇ ಕೂತು ಉಣ್ಣುವವಳಿಗೆ ಅಂಥ ಯೋಚನೆಗಳೇ ಬರುತ್ತವೆ.

ಸೂಜಿ ಚಿಕಿತ್ಸೆಯ ವಿಷಯ ಕಂಡುಹಿಡಿದದ್ದು ನಿಮ್ಮ ಅಮ್ಮನೇ, ಮೊಬೈಲಿನಲ್ಲಿ. ಆಕ್ಯುಪಂಕ್ಚರ್ ಅನ್ನುತ್ತಾರೆ ಅದಕ್ಕೆ. ಹೊನ್ನಾವರದಲ್ಲಿ ಅದನ್ನು ಮಾಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ಗೊತ್ತಾಯಿತು. ಕುಮಟೆಯ ಡಾಕ್ಟರಮ್ಮನನ್ನು ಕೇಳಿದಾಗ, "ಮಾಡಿಸಿ ನೋಡಿ. ನನ್ನ ಮಾತ್ರೆ ಮಾತ್ರ ಬಿಡಬೇಡಿ" ಅಂದರು. ಒಂದು ಗುರುವಾರ ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಅವಳು ಮುಂದಿನ ಕಿಟಕಿಯ ಹತ್ತಿರ ಕೂತಳು. ಪಕ್ಕದ ಜಾಗ ಖಾಲಿ ಇತ್ತು. ನಾನು ನಾಲ್ಕು ಸೀಟು ಹಿಂದೆ ಕೂತೆ.

ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ದವಾಖಾನೆ. ಮೆಟ್ಟಿಲು ಹತ್ತಿ ಹೋದರೆ ಬೆಂಚಿನ ಮೇಲೆ ಒಬ್ಬ ಮುದುಕರು ಪಂಚೆ ಮೇಲಕ್ಕೆ ಸರಿಸಿ, ಎರಡು ಮೊಣಕಾಲಿಗೂ ಸೂಜಿ ನೆಟ್ಟುಕೊಂಡು ಪೇಪರು ಓದುತ್ತಿದ್ದರು. ನಿಮ್ಮ ಅಮ್ಮ ಹೆದರಿ ನಿಂತುಬಿಟ್ಟಳು.

"ಹೆದ್ರಬ್ಯಾಡ ತಂಗಿ, ಇರುವೆ ಕಚ್ಚಿದಷ್ಟೂ ಇಲ್ಲ" ಅಂದರು ಅವರು. "ನಾಲ್ಕು ತಿಂಗಳಿಂದ ಬರ್ತೆ."

"ಕಡಿಮೆ ಆತಾ?" ಅಂತ ಕೇಳಿದಳು.

"ನೋವು ಅರ್ಧ ಅದೆ. ಆದ್ರೆ ಇಲ್ಲಿ ಫ್ಯಾನಿನ ಗಾಳಿ ಒಳ್ಳೇದದೆ."

ಎಷ್ಟೋ ದಿನದ ಮೇಲೆ ನಿಮ್ಮ ಅಮ್ಮ ನಕ್ಕದ್ದು ಅವತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನೇರ ಮಾತು. "ಎಲ್ಲರಿಗೂ ಕಡಿಮೆ ಆಗ್ತದೆ ಅಂತ ನಾನು ಹೇಳೂದಿಲ್ಲ. ಕೆಲವರಿಗೆ ಆಗ್ತದೆ. ಕುಡಿದ ನೀರೂ ನಿಲ್ಲದಿದ್ರೆ ನನ್ನ ಹತ್ರ ಬರಬಾರದು, ಆಸ್ಪತ್ರೆಗೆ ಹೋಗಬೇಕು, ಗೊತ್ತಾಯ್ತಾ?" ಅಂದರು. ಮಂಚದ ಮೇಲೆ ಮಲಗಿಸಿ ಎರಡೂ ಕೈಗೆ ಒಂದೊಂದು ಸೂಜಿ ಇಟ್ಟರು. ಸೂಜಿ ಅಂದರೆ ನಾನು ಬಲೆ ಹೆಣೆಯುವ ಸೂಜಿ ನೋಡಿದವಳು, ಇಂಜೆಕ್ಷನ್ ಸೂಜಿ ನೋಡಿದವಳು. ಇದು ತಾರ್ಲೆ ಮೀನಿನ ಮುಳ್ಳಿಗಿಂತ ಸಪೂರ. ರಕ್ತ ಬರಲಿಲ್ಲ. ನಾನು ಒಳಗೆ ಹೋಗದೆ ಬಾಗಿಲಿನ ಪರದೆಯ ಹತ್ತಿರ ನಿಂತಿದ್ದೆ. ಸಣ್ಣ ಕೋಣೆ, ಕಿಟಕಿ ಮುಚ್ಚಿತ್ತು. ನನ್ನ ವಾಸನೆ ಒಳಗೆ ತುಂಬುವುದು ಬೇಡ ಅನಿಸಿತು.

ಅಲ್ಲಿಂದ ನನಗೆ ಕಂಡದ್ದು ಡಾಕ್ಟರಮ್ಮನ ಬೆನ್ನು ಮಾತ್ರ. ಮಾತು ಕೇಳಿಸಿತು. "ಮನೆಯಲ್ಲೂ ದಿನಾ ಒತ್ತಬೇಕು. ಬೆಳಿಗ್ಗೆ ಏಳುವ ಮೊದಲು, ಆಮೇಲೆ ಹೊಟ್ಟೆ ತೊಳಸಿದಾಗೆಲ್ಲ. ಮಣಿಕಟ್ಟಿನ ಗೆರೆ ಇದೆಯಲ್ಲ, ಅದರಿಂದ ಮೂರು ಬೆರಳು ಮೇಲೆ. ಎರಡು ನರದ ನಡುವೆ. ಬೇರೆಯವರು ಒತ್ತಿದರೆ ಒಳ್ಳೇದು, ನಿನ್ನ ಕೈಯಲ್ಲಿ ಈಗ ಶಕ್ತಿ ಇಲ್ಲ."

ಬೇರೆಯವರು ಅಂದರೆ ಮನೆಯಲ್ಲಿ ನಾನೊಬ್ಬಳೇ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲು ಒಳಗೆ ಹೋದೆ. ಮಿಂದು, ಲಿಂಬೆ ತಿಕ್ಕಿ, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು. ಅವಳು ಕಣ್ಣು ಮುಚ್ಚಿಯೇ ಕೈ ಹೊರಗೆ ಚಾಚಿದಳು. ನಾನು ಮುಖ ಆಚೆ ತಿರುಗಿಸಿ, ಉಸಿರು ಹಿಡಿದು, ಅವಳ ಮಣಿಕಟ್ಟಿನ ಗೆರೆಯ ಮೇಲೆ ನನ್ನ ಮೂರು ಬೆರಳು ಇಟ್ಟು ಅಳೆದು, ಅಲ್ಲಿ ಒತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಿಮ್ಮ ಅಜ್ಜ ಬಲೆ ಹೆಣೆದು ಕೊಡುತ್ತಿದ್ದರು. ಹೆಣೆಸುವವರು ಬಂದು, "ಎರಡು ಬೆರಳಿನ ಕಣ್ಣು", "ಮೂರು ಬೆರಳಿನ ಕಣ್ಣು" ಅಂತ ಹೇಳಿ ಹೋಗುವುದು. ಅಜ್ಜನ ಬೆರಳು ಹಗ್ಗ ಎಳೆದೆಳೆದು ಸೊಟ್ಟವಾಗಿತ್ತು, ಬಲೆಯ ಕಣ್ಣಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. "ಬೆರಳು ತಾರೆ" ಅಂತ ನನ್ನನ್ನು ಕರೆಯುತ್ತಿದ್ದರು. ನಾನು ಎಲ್ಲಿದ್ದರೂ ಬಂದು ಬೆರಳು ಕೂಡಿಸಿ ಬಲೆಯ ಕಣ್ಣಿನೊಳಗೆ ಇಡುತ್ತಿದ್ದೆ. ಸರಿ ಇದ್ದರೆ ಮುಂದಿನ ಗಂಟು. ಮೂವತ್ತು ವರ್ಷ ಈ ಮನೆಯಲ್ಲಿ ಒಂದು ಬೆರಳು, ಎರಡು ಬೆರಳು ಅಂದರೆ ಅದು ನನ್ನ ಬೆರಳು. ಡಾಕ್ಟರಮ್ಮ ಮೂರು ಬೆರಳು ಅಂದಾಗ, ಯಾರದ್ದು ಎಂದು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ವಾರವಿಡೀ ಒತ್ತಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅವಳು ತುಟಿ ಕಚ್ಚಿಕೊಂಡು ಮಲಗಿರುತ್ತಿದ್ದಳು. "ಹೆಂಗದೆ?" ಅಂದರೆ "ಅಡ್ಡಿಲ್ಲ ಅತ್ತೆ" ಅನ್ನುತ್ತಿದ್ದಳು. ನಾನು ಹೊರಗೆ ಬಂದ ಮೇಲೆ ಹಿತ್ತಲಿನಲ್ಲಿ ವಾಂತಿಯ ಸದ್ದು. ಇನ್ನೂ ಗಟ್ಟಿಯಾಗಿ ಒತ್ತಬೇಕೇನೋ ಅಂದುಕೊಂಡು ಮರುದಿನ ಗಟ್ಟಿಯಾಗಿ ಒತ್ತಿದೆ. ಒಂದು ಬೆಳಿಗ್ಗೆ ಮುಖ ತಿರುಗಿಸಿ ನೋಡಿದರೆ ಅವಳೂ ಉಸಿರು ಹಿಡಿದಿದ್ದಳು. ಇಬ್ಬರೂ ಉಸಿರು ಹಿಡಿದುಕೊಂಡಿದ್ದೆವು, ಒಬ್ಬರಿಗೊಬ್ಬರು ಹೇಳದೆ.

ಎರಡನೆಯ ಗುರುವಾರ ಭಟ್ಕಳದ ಅಜ್ಜಿ ಹೊನ್ನಾವರಕ್ಕೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಮಗಳನ್ನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡರು. ಮೂವರೂ ದವಾಖಾನೆಗೆ ಹೋದೆವು. ಡಾಕ್ಟರಮ್ಮ ತೋಳು ತಿರುಗಿಸಿ ನೋಡಿದರು. ಅಲ್ಲಿ ಹಾಗಲ ಬೀಜದಷ್ಟು ದೊಡ್ಡ ಕಪ್ಪು ನೀಲಿ ಗುರುತು, ಎರಡೂ ಕೈಯಲ್ಲಿ.

"ಇದೆಂತ? ಇಲ್ಲಿ ಯಾರು ಒತ್ತಿದ್ದು?"

"ನಾನೇ" ಅಂದಳು ನಿಮ್ಮ ಅಮ್ಮ.

ನಾನು ಪರದೆಯ ಹತ್ತಿರದಿಂದ, "ಅವಳಲ್ಲ, ನಾನು" ಅಂದೆ. ಡಾಕ್ಟರಮ್ಮ ಕರೆದು, ಹೇಗೆ ಅಳೆದಿರಿ ತೋರಿಸಿ ಅಂದರು. ತೋರಿಸಿದೆ. ನನ್ನ ಮೂರು ಬೆರಳು ಅವಳ ಸಣ್ಣ ಕೈಯ ಮೇಲೆ ಅಷ್ಟುದ್ದಕ್ಕೆ ಹರಡಿ ಕೂತಿತು. ನನಗೇ ಕಂಡಿತು ಆಗ.

"ಅಮ್ಮಾ, ನಿಮ್ಮ ಬೆರಳಿನ ಅಳತೆ ಅಲ್ಲ. ಕೈ ಯಾರದ್ದೋ ಬೆರಳೂ ಅವರದ್ದೇ ಆಗಬೇಕು. ನೀವು ಒಂದು ಬೆರಳು ಮೇಲೆ ಒತ್ತಿದ್ದೀರಿ, ವಾರವಿಡೀ."

ಭಟ್ಕಳದ ಅಜ್ಜಿ ಸುಮ್ಮನಿರುವವರೇ? "ಬಲೆ ಕಣ್ಣು ಅಳ್ದ ಹಾಗೆ ಅಳ್ದ್ರಾ ಬೀಗ್ತೀ? ನನ್ನ ಮಗಳೆಂತ ಬಂಗಡೆಯಾ?"

ಹೊರಗಿನ ಬೆಂಚಿನಲ್ಲಿ ಮೊಣಕಾಲಿನ ಮುದುಕರು ಜೋರಾಗಿ ನಕ್ಕರು. ಡಾಕ್ಟರಮ್ಮನೂ ನಕ್ಕರು. ಅವರ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಈಗ ನೆನೆದರೆ ನನಗೇ ನಗು ಬರುತ್ತದೆ. ಅವತ್ತು ನಾನು ಪರದೆ ಸರಿಸಿ ಮೆಟ್ಟಿಲಿನ ಮೇಲೆ ಬಂದು ಕೂತೆ. ಕೆಳಗೆ ಬಟ್ಟೆ ಅಂಗಡಿಯವರು ಥಾನು ಬಿಚ್ಚಿ ಯಾರಿಗೋ ಅಳೆದು ಕೊಡುತ್ತಿದ್ದರು. ಹೊಟ್ಟೆಯಲ್ಲಿದ್ದ ನಿನಗೆ ಏನಾದರೂ ಆಗಿದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ. ಅದು ಚರ್ಮ ಕಪ್ಪಾದದ್ದು ಅಷ್ಟೇ, ಮಗುವಿಗೆ ಏನೂ ಇಲ್ಲ ಎಂದು ಡಾಕ್ಟರಮ್ಮ ಒಳಗೆ ಹೇಳಿದ್ದರಂತೆ. ನಾನು ಹೊರಗಿದ್ದೆ, ಕೇಳಿಸಲಿಲ್ಲ. ಆ ಹೆದರಿಕೆಯನ್ನು ಹೊತ್ತುಕೊಂಡೇ ಒಂದು ವಾರ ಕಳೆದೆ.

ಅಲ್ಲಿಂದಲೇ ಭಟ್ಕಳದ ಅಜ್ಜಿ ಅವಳನ್ನು ಕರೆದುಕೊಂಡು ಹೊರಟರು. ನಿಮ್ಮ ಅಪ್ಪನಿಗೆ ಮೊದಲೇ ಫೋನು ಮಾಡಿ ಹೇಳಿದ್ದರಂತೆ. ಭಟ್ಕಳದ ಬಸ್ಸು ಬಂತು. ನಿಮ್ಮ ಅಮ್ಮ ಹತ್ತುವ ಮೊದಲು ತಿರುಗಿ, "ಹೋಗ್ಬರ್ತೆ ಅತ್ತೆ" ಅಂದಳು. ನನಗೆ ಎಷ್ಟೋ ಹೇಳಲಿಕ್ಕಿತ್ತು. "ಆತು" ಅಂದೆ. ಬಸ್ಸು ಶರಾವತಿ ಸೇತುವೆಯ ಕಡೆಗೆ ಹೋಯಿತು. ನಾನು ಕುಮಟೆಯ ಬಸ್ಸಿಗೆ ಕೂತು ಈ ಕಡೆಗೆ ಬಂದೆ.

ಮನೆಗೆ ಬಂದರೆ ಹಗ್ಗದ ಮೇಲೆ ಅವಳ ಎರಡು ಬಟ್ಟೆ ಒಣಗಿದ್ದವು. ತೆಗೆಯುವಾಗಲೂ ಕೈ ತೊಳೆದು ಬಂದು ತೆಗೆದೆ. ಆಮೇಲೆ ನೆನಪಾಯಿತು, ಇನ್ನು ನನ್ನ ಮೈಗೆ ಯಾವ ವಾಸನೆ ಬಂದರೂ ಯಾರಿಗೂ ತೊಂದರೆ ಇಲ್ಲ. ಚಾಪೆಯನ್ನು ಒಳಗೆ ತರಬಹುದಿತ್ತು. ತರಲಿಲ್ಲ. ಮರುದಿನ ಇಳಿತಕ್ಕೆ ಹೊಳೆಗೆ ಹೋದೆ. ಹೆಂಗಸರು ನನ್ನ ಮುಖ ನೋಡಿ, ತಮ್ಮ ಪಾಡಿಗೆ ತಾವು ಮಾತಾಡಿಕೊಂಡರು. ಸಂಜೆ ಬುಟ್ಟಿ ಮುಂದಿಟ್ಟುಕೊಂಡು ಚಿಪ್ಪು ಬಿಡಿಸಲು ಕೂತಾಗ ನನಗೆ ಗೊತ್ತಿಲ್ಲದೆಯೇ ಒಂದು ಬದಿಗೆ ಸರಿದು, ಜಾಗ ಬಿಟ್ಟು ಕೂತಿದ್ದೆ.

ಆ ದಿನಗಳಲ್ಲಿ ನನ್ನ ಬಸಿರಿನ ನೆನಪಾಗುತ್ತಿತ್ತು. ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದಾಗ ನನಗೂ ವಾಂತಿ. ಮನೆ ತುಂಬ ಜನ, ಅತ್ತೆಯ ಎದುರು ನಾಚಿಕೆ. ದಡಕ್ಕೆ ಎಳೆದಿಟ್ಟ ದೋಣಿಯ ಹಿಂದೆ ಹೋಗಿ ವಾಂತಿ ಮಾಡಿ, ಮರಳು ಮುಚ್ಚಿ ಬರುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ ದೋಣಿಯ ಹಿಂದೆ ಒಂದು ತಂಬಿಗೆ ನೀರು, ಮೇಲೆ ಎಲೆ ಮುಚ್ಚಿತ್ತು. ಮರುದಿನವೂ ಇತ್ತು. ಮೂರು ತಿಂಗಳು ದಿನಾ ಇತ್ತು. ನಿಮ್ಮ ಅಜ್ಜ ಅದರ ಬಗ್ಗೆ ಒಂದು ಮಾತು ಆಡಲಿಲ್ಲ, ನಾನೂ ಆಡಲಿಲ್ಲ. ಅವರು ಹೋದ ಮೇಲೆ, ಹೇಳಬೇಕಿತ್ತು ಅಂತ ಅನಿಸಿದ್ದು ಅದೊಂದೇ.

ಗುರುವಾರ ಬಂತು. ಭಟ್ಕಳದಿಂದ ಅವರು ಹೊನ್ನಾವರದ ದವಾಖಾನೆಗೆ ಬರುತ್ತಾರೆ ಎಂದು ನನಗೆ ಗೊತ್ತಿತ್ತು. ಯಾರೂ ನನ್ನನ್ನು ಕರೆದಿರಲಿಲ್ಲ. ಕರೆಯದೆ ನಾನು ಹೋದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಎರಡು ದಿನ ಹೊಳೆಗೆ ಇಳಿಯಲಿಲ್ಲ. ಕೈಗೆ ಲಿಂಬೆ ತಿಕ್ಕಿಕೊಂಡು ಬೆಳಗಿನ ಬಸ್ಸು ಹಿಡಿದೆ. ದವಾಖಾನೆಯ ಮೆಟ್ಟಿಲಿನ ಮೇಲೆ, ಗೋಡೆಗೆ ಒತ್ತಿ ಕೂತೆ. ನೋಡಿ ಹೋಗುವುದು, ಅಷ್ಟೇ ಅಂದುಕೊಂಡಿದ್ದೆ.

ಭಟ್ಕಳದ ಅಜ್ಜಿ ಮೊದಲು ಕಂಡರು. "ಅರೆ, ಬೀಗ್ತೀ! ಬಾಗಿಲು ತೆಗೂಕೆ ಮೊದ್ಲೇ ಬಂದು ಕೂತ್ರಾ? ಏಳಿ, ಏಳಿ." ಅವರ ಹಿಂದೆ ನಿಮ್ಮ ಅಮ್ಮ. ಇನ್ನೂ ಇಳಿದಿದ್ದಳು. ತೆಂಗಿನಗುಂಡಿಯಲ್ಲಿ ಮನೆಯ ಎದುರೇ ಮೀನು ಒಣಗಿಸುತ್ತಾರೆ ಅನ್ನುವುದು ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ಡಾಕ್ಟರಮ್ಮ ಸೂಜಿ ಇಟ್ಟು, "ಇಪ್ಪತ್ತು ನಿಮಿಷ ಕೈ ಅಲ್ಲಾಡಿಸಬಾರದು, ಯಾರಾದರೂ ಒಬ್ಬರು ಪಕ್ಕದಲ್ಲಿರಿ" ಎಂದು ಹೇಳಿ ಆಚೆ ಹೋದರು. ಭಟ್ಕಳದ ಅಜ್ಜಿ ಮಾತ್ರೆ ತರಲು ಕೆಳಗಿಳಿದರು. ನಾನು ಪರದೆಯ ಹತ್ತಿರ ನಿಂತೇ ಇದ್ದೆ.

"ಅತ್ತೆ, ಹತ್ರ ಬನ್ನಿ" ಅಂದಳು.

"ಇಲ್ಲೇ ಅಡ್ಡಿಲ್ಲ."

"ಬನ್ನಿ."

"ನನ್ನ ಮೈ ವಾಸ್ನೆ ಬರ್ತದೆ, ತಂಗಿ."

ಅವಳು ಮೇಲಿನ ಫ್ಯಾನು ನೋಡುತ್ತಾ, "ಬರ್ತದೆ" ಅಂದಳು. "ಅಮ್ಮನ ಮೈಯೂ ವಾಸ್ನೆ ಬರ್ತದೆ. ಅಲ್ಲಿ ಮನೆನೇ ವಾಸ್ನೆ ಬರ್ತದೆ. ನನ್ನ ಮೈಯೂ ಬರ್ತದೆ. ನೀವು ಹೊರಗೆ ಊಟ ಮಾಡೂದು ನೋಡಿ ನಂಗೆ ಊಟ ಸೇರ್ತಾ ಇರ್ಲಿಲ್ಲ ಅತ್ತೆ. ಬನ್ನಿ, ಕೂರಿ."

ಸ್ಟೂಲು ಎಳೆದು ಕೂತೆ. ಸೂಜಿ ತೆಗೆದ ಮೇಲೆ ಅವಳು ಎದ್ದು ಕೂತು, ತನ್ನ ಬಲಗೈಯ ಮೂರು ಬೆರಳನ್ನು ಎಡಗೈಯ ಗೆರೆಯ ಮೇಲೆ ಇಟ್ಟಳು. ಡಾಕ್ಟರಮ್ಮನ ಕೈಯಿಂದಲೇ ಪೆನ್ನಿನಲ್ಲಿ ಅಲ್ಲೊಂದು ಚುಕ್ಕೆ ಇಡಿಸಿಕೊಂಡಳು. ನನ್ನ ಹೆಬ್ಬೆರಳು ಹಿಡಿದು ಆ ಚುಕ್ಕೆಯ ಮೇಲೆ ಇಟ್ಟಳು. "ಇಲ್ಲಿ. ಅಮ್ಮ ಒತ್ತಿದ್ರೆ ಅರ್ಧಕ್ಕೇ ಬಿಟ್ಟು ಮಾತಾಡೂಕೆ ಹೋಗ್ತದೆ. ನೀವು ಒತ್ತಿ."

ಅವತ್ತು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಭಟ್ಕಳದ ಬಸ್ಸು ಬರುವವರೆಗೂ ಒತ್ತಿದೆ. ಮೆತ್ತಗೆ. ಭಟ್ಕಳದ ಅಜ್ಜಿ ಫ್ಲಾಸ್ಕಿನಿಂದ ಗಂಜಿ ತಿಳಿ ಬಗ್ಗಿಸಿ ಕೊಟ್ಟರು. ಅರ್ಧ ಲೋಟ ಕುಡಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಾ ಕೂತೆವು. ಅವಳೂ ಕಾಯುತ್ತಿದ್ದಳು. ಗಂಜಿ ಹೊಟ್ಟೆಯಲ್ಲೇ ನಿಂತಿತು.

ಆಮೇಲೆ ಗುರುವಾರ ಗುರುವಾರ ಅದೇ. ಕುಮಟೆಯಿಂದ ನಾನು, ಭಟ್ಕಳದಿಂದ ಅವರು, ನಡುವೆ ಹೊನ್ನಾವರ. ಅವರ ಬಸ್ಸು ಇಡಗುಂಜಿ ಕ್ರಾಸ್ ದಾಟುವಾಗ ಭಟ್ಕಳದ ಅಜ್ಜಿ ಬಸ್ಸಿನಿಂದಲೇ ಗಣಪತಿಗೆ ಕೈ ಮುಗಿದು ಬರುತ್ತಿದ್ದರಂತೆ, "ನಿಮ್ಮ ಲೆಕ್ಕದ್ದೂ ಸೇರ್ಸಿ ಮುಗ್ದೆ ಬೀಗ್ತೀ" ಅನ್ನುತ್ತಿದ್ದರು. ಅರ್ಧ ಗಂಟೆ ಬೆಂಚಿನ ಮೇಲೆ. ಆಮೇಲೆ ಅವರ ಬಸ್ಸು ಆ ಕಡೆಗೆ, ನನ್ನದು ಈ ಕಡೆಗೆ. ಉಳಿದ ಆರು ದಿನ ನಾನು ಮನೆಯಲ್ಲಿ ಒಬ್ಬಳೇ. ಬೆಳಿಗ್ಗೆ ಎದ್ದ ಕೂಡಲೇ ಕೈ ತಾನಾಗಿ ಏನನ್ನೋ ಹುಡುಕುತ್ತಿತ್ತು. ಒಮ್ಮೊಮ್ಮೆ ನನ್ನ ಮಣಿಕಟ್ಟಿನ ಮೇಲೆಯೇ ಮೂರು ಬೆರಳು ಇಟ್ಟು, ಅಳೆದು, ಒತ್ತಿಕೊಂಡು ಕೂರುತ್ತಿದ್ದೆ. ನನಗೇನೂ ಆಗಿರಲಿಲ್ಲ.

ಐದನೇ ತಿಂಗಳಿಗೆ ಅವಳ ವಾಂತಿ ನಿಂತಿತು. ಸೂಜಿಯಿಂದಲೋ, ಮಾತ್ರೆಯಿಂದಲೋ, ತಿಂಗಳು ತುಂಬಿ ತಾನಾಗಿಯೇ ನಿಂತಿತೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಿದಾಗ ಅವರೂ, "ಯಾವುದರಿಂದ ಆದರೇನು, ಊಟ ಸೇರಿತಲ್ಲ" ಅಂದರು. "ಇನ್ನು ಬರೋದು ಬೇಡ, ಹೆರಿಗೆ ಆದ ಮೇಲೆ ಮಗು ತೋರಿಸಲಿಕ್ಕೆ ಬನ್ನಿ" ಅಂದರು. ಭಟ್ಕಳದ ಅಜ್ಜಿ ಅವರ ಕೈಗೆ ಬಾಳೆಹಣ್ಣಿನ ಚಿಪ್ಪು ಕೊಟ್ಟರು. ಮೊಣಕಾಲಿನ ಮುದುಕರಿಗೂ ಎರಡು ಹಣ್ಣು ಕೊಟ್ಟರು.

ಬಸ್‌ಸ್ಟ್ಯಾಂಡಿಗೆ ಬಂದೆವು. ಅವಳು ಅವತ್ತು ಬೆಳಿಗ್ಗೆ ಬಂಗಡೆ ಸಾರು ಹಾಕಿಕೊಂಡು ಎರಡು ಸಲ ಅನ್ನ ಉಂಡಿದ್ದಳಂತೆ. ಮುಖಕ್ಕೆ ಬಣ್ಣ ಬಂದಿತ್ತು. ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಬೆಂಚಿನ ಮೇಲೆ ಕೂತಾಗ ನನ್ನ ಕೈಗೆ ಕೆಲಸವಿರಲಿಲ್ಲ. ಚೀಲದ ಹಿಡಿಕೆ ಹಿಡಿದುಕೊಂಡೆ. ಮುಂದಿನ ಗುರುವಾರ ಬರಲು ಕಾರಣವೂ ಇರಲಿಲ್ಲ.

"ಹಂಗಾರೆ ಬರೂವಾರ ನಾನು ಬರೂದು ಬ್ಯಾಡ" ಅಂದೆ.

ನಿಮ್ಮ ಅಮ್ಮ ನನ್ನ ಕಡೆ ನೋಡಲಿಲ್ಲ. ಬಸ್ಸಿನ ಬೋರ್ಡು ನೋಡುತ್ತಾ, "ಬೆಳಿಗ್ಗೆ ಹೆಚ್ಚು ಉಂಡೆ ಅಂತ ಕಾಣ್ತದೆ. ಸ್ವಲ್ಪ ತೊಳಸ್ದ ಹಾಗೆ ಆಗ್ತದೆ ಅತ್ತೆ" ಎಂದು ಹೇಳಿ, ಎಡಗೈಯನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಭಟ್ಕಳದ ಅಜ್ಜಿ ಬಾಯಿ ತೆರೆದರು. ಏನು ಅನಿಸಿತೋ, ಅವರೂ ಮುಚ್ಚಿಕೊಂಡರು.

ಚುಕ್ಕೆ ಅಳಿಸಿಹೋಗಿತ್ತು. ನಾನು ಅವಳ ಬಲಗೈ ಎತ್ತಿ, ಅವಳದೇ ಮೂರು ಬೆರಳನ್ನು ಗೆರೆಯ ಮೇಲೆ ಕೂಡಿಸಿ ಇಟ್ಟು ಅಳೆದೆ. ಭಟ್ಕಳದ ಬಸ್ಸು ಬಂದು ನಿಂತಿತು, ಕಂಡಕ್ಟರು ಕೂಗಿದ, ಹೊರಟಿತು. ಅವರಿಬ್ಬರೂ ಏಳಲಿಲ್ಲ. ನಾನು ಒತ್ತುತ್ತಾ ಇದ್ದೆ.